ಅಡ್ಡ ಮಲಗಿಸಿದ ಬ್ಲಾಕ್

ನಮ್ಮ ಮಾವ ನನ್ನನ್ನು ಒಂದು ದಿನವೂ ಬೈದವರಲ್ಲ. ಚಿಕ್ಕಬಾಣಾವರದ ಅವರ ಮನೆಯ ಗೇಟು ತೆಗೆದರೆ ಸಾಕು, ಎದ್ದು ನಿಂತು "ಬನ್ನಿ, ಬನ್ನಿ, ಕೂತ್ಕಳಿ" ಎನ್ನುತ್ತಿದ್ದರು. ಕುರ್ಚಿಯ ಧೂಳನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಕೊಡುತ್ತಿದ್ದರು. ನನ್ನ ಹಿಂದೆಯೇ ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಒಳಗೆ ಬಂದರೆ ಅದೇ ಬಾಯಲ್ಲಿ, "ಲೋ, ಎಲ್ಲೋ ಸತ್ತೋಗಿದ್ದೆ ಇಷ್ಟ್ ದಿನ? ನೀರಿನ ಮೋಟ್ರು ಕೆಟ್ಟು ಮೂರ್ ದಿನ ಆತು" ಎನ್ನುತ್ತಿದ್ದರು. ಅವನು ಚಪ್ಪಲಿ ಬಿಡುತ್ತಲೇ, "ಫೋನ್ ಮಾಡಕ್ಕೇನ್ ಮಾವ, ಕರೆನ್ಸಿ ಇರ್ಲಿಲ್ವಾ?" ಎಂದು ತಿರುಗಿ ದಬಾಯಿಸಿ ಸೀದಾ ಮೋಟರಿನ ಬಳಿ ಹೋಗುತ್ತಿದ್ದ. ನಾನು ಒರೆಸಿದ ಕುರ್ಚಿಯ ಮೇಲೆ ಕೂರುತ್ತಿದ್ದೆ.

ಅವನಿಗೆ ಸಿಗುತ್ತಿದ್ದ ಆ ಬೈಗುಳದ ಮೇಲೆ ನನಗಿದ್ದ ಹೊಟ್ಟೆಕಿಚ್ಚನ್ನು ಯಾರಿಗೆ ಹೇಳುವುದು? ಅತ್ತೆ ಮನೆಯಲ್ಲಿ ಮರ್ಯಾದೆ ಜಾಸ್ತಿಯಾಯಿತು ಎಂದು ದೂರುವ ಅಳಿಯನನ್ನು ಯಾರೂ ನಂಬುವುದಿಲ್ಲ. ನಾನು ಸಿವಿಲ್ ಎಂಜಿನಿಯರಿಂಗ್ ಓದಿದವನು, ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್ ಕಟ್ಟುವ ಕಂಪನಿಯೊಂದರಲ್ಲಿದ್ದೆ. ಅವನು ಐಟಿಐ ಮುಗಿಸಿ ಪೀಣ್ಯದ ಶೆಡ್ಡೊಂದರಲ್ಲಿ ಕಬ್ಬಿಣ ಕೊರೆಯುವ ಲೇತ್ ನಡೆಸುತ್ತಿದ್ದ. ಮದುವೆ ಮಾತುಕತೆಯ ದಿನ ನನ್ನ ಓದು ದೊಡ್ಡದಾಗಿ ಕಂಡಿತ್ತು. ಆಮೇಲೆ ಆ ಮನೆಯಲ್ಲಿ ಅದು ಯಾರ ಉಪಯೋಗಕ್ಕೂ ಬರಲಿಲ್ಲ.

ಮಾವನ ಬಳಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಬಿಳಿಯ ಸಣ್ಣ ಕಾರೊಂದಿತ್ತು. ಆ ವರ್ಷ ಅದು ತಿರುವಿನಲ್ಲೆಲ್ಲ ಕಟಕಟ ಎನ್ನತೊಡಗಿತು. ಮೊದಲು ಕೇಳಿಸಿಕೊಂಡವನು ನಾನು. "ಗ್ಯಾರೇಜಿಗೆ ತೋರಿಸಿ ಮಾವ" ಎಂದೆ. "ಆಗ್ಲಿ, ತೋರಿಸ್ತೀನಿ" ಎಂದು ಮಾವ ವಿನಯದಿಂದ ಹೇಳಿದರು, ತೋರಿಸಲಿಲ್ಲ. ಎರಡು ವಾರದ ನಂತರ ಷಡ್ಡಕ ಬಂದ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಅಂಗಳದಲ್ಲಿ ಒಂದು ಸುತ್ತು ಹಾಕಿದ, ಇಳಿದು ನೆಲದ ಮೇಲೆ ಮಲಗಿ ಮುಂದಿನ ಚಕ್ರದ ಹಿಂದೆ ಕೈ ಹಾಕಿದ. ಹೊರಗೆ ತೆಗೆದಾಗ ಬೆರಳ ತುಂಬ ಕಪ್ಪು ಗ್ರೀಸು.

"ಜಾಯಿಂಟ್ ಮುಚ್ಚೋ ರಬ್ಬರ್ ಬೂಟ್ ಹರಿದೋಗಿದೆ ಮಾವ. ಮಣ್ಣು ಹೋಗಿ ಜಾಯಿಂಟ್ ತಿಂದಾಕಿದೆ. ಎರಡೂ ಕಡೆ ಆಕ್ಸಲ್ ಚೇಂಜ್ ಮಾಡ್ಬೇಕು."

"ನಿಂಗ್ ಆಗ್ತದೇನೋ?"

"ದಿನಾ ಇಂಥವ್ನೇ ಅಲ್ವಾ ಕೊರೆಯೋದು. ಭಾನುವಾರ ಬರ್ತೀನಿ, ಮುದ್ದೆ ಜೊತೆ ನಾಟಿ ಕೋಳಿ ಸಾರು ಮಾಡ್ಸಿ."

ಭಾನುವಾರ ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ತಲುಪುವ ಹೊತ್ತಿಗೆ ಅವನು ಲುಂಗಿ ಬಿಟ್ಟು ಹಳೆಯ ಪ್ಯಾಂಟು ತೊಟ್ಟಿದ್ದ. ಎರಡು ಹೊಸ ಆಕ್ಸಲ್‌ಗಳು ಗೋಣಿಚೀಲದ ಮೇಲೆ ಮಲಗಿದ್ದವು: ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಕಬ್ಬಿಣದ ಸರಳುಗಳು, ಒಂದು ಗಿಡ್ಡ, ಒಂದು ಉದ್ದ. ಮಾವ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸ್ಪ್ಯಾನರಿಗೆ ತೂರಿಸಿದ್ದ ಉದ್ದನೆಯ ಪೈಪನ್ನು ಹಿಡಿದು ಒತ್ತುತ್ತಿದ್ದರು. ನಟ್ಟು ಕಿರ್ರೆಂದು ಸಡಿಲವಾದಾಗ ಇಬ್ಬರೂ ಒಟ್ಟಿಗೆ ನಕ್ಕರು. ನನ್ನನ್ನು ಕಂಡು ಮಾವ ಕೂಡಲೇ ಎದ್ದು ಕುರ್ಚಿ ತಂದರು. "ನೀವ್ಯಾಕೆ ಬಿಸ್ಲಲ್ಲಿ, ನೆಳ್ಳಾಗ್ ಕೂತ್ಕಳಿ" ಎಂದರು.

ಕೂರಲಿಲ್ಲ. "ಏನಾದ್ರೂ ಹಿಡ್ಕೊಳ್ಳಾ?" ಎಂದು ಷಡ್ಡಕನನ್ನು ಕೇಳಿದೆ.

"ಬೇಡ ಅಣ್ಣ, ಎಂಜಿನಿಯರ್ ಕೈ ಗ್ರೀಸ್ ಆಗ್ಬಾರ್ದು. ಸೈನ್ ಹಾಕೋ ಕೈ ಅದು" ಎಂದು ನಕ್ಕ.

ಬಾಗಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ, "ನಮ್ಮನೆಯವ್ರಾ? ಬಲ್ಬ್ ಹಾಕಕ್ಕೂ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡ್ತಾರೆ" ಎಂದಳು. ಎಲ್ಲರೂ ನಕ್ಕರು. ಅವಳೇ ಎಲ್ಲರಿಗಿಂತ ಹೆಚ್ಚು ನಕ್ಕಳು. ನನ್ನ ಜೊತೆ ಇರುವಾಗ ಅವಳು ಅಷ್ಟು ಬಾಯಿ ತೆರೆದು ನಕ್ಕ ನೆನಪು ನನಗಿರಲಿಲ್ಲ.

ಮಾವ ಬಾಡಿಗೆಗೆಂದು ಮಹಡಿಯ ಮೇಲೆ ಎರಡು ರೂಮು ಎತ್ತಿಸುತ್ತಿದ್ದರು. ಗೋಡೆಗೆ ತಂದ ಹಾಲೋ ಬ್ಲಾಕ್‌ಗಳು, ನಡುವೆ ಎರಡು ದೊಡ್ಡ ತೂತಿರುವ ಸಿಮೆಂಟಿನ ಬ್ಲಾಕ್‌ಗಳು, ಕಾಂಪೌಂಡಿಗೆ ಒರಗಿ ರಾಶಿ ಬಿದ್ದಿದ್ದವು. ಷಡ್ಡಕ ಎಡಗಡೆ ಜಾಕ್ ಕೊಟ್ಟು ಕಾರನ್ನು ಎತ್ತಿ ಚಕ್ರ ಕಳಚಿದ. ಜಾಕನ್ನಷ್ಟೇ ನಂಬಬಾರದೆಂದು ಅವನಿಗೆ ಗೊತ್ತಿತ್ತು. ಎರಡು ಬ್ಲಾಕ್ ತಂದು ಒಂದರ ಮೇಲೊಂದು ಇಟ್ಟ, ಜಾಕ್ ಇಳಿಸಿ ಕಾರಿನ ಭಾರವನ್ನು ಅವುಗಳ ಮೇಲೆ ಕೂರಿಸಿದ. ಬ್ಲಾಕ್‌ಗಳನ್ನು ಅಡ್ಡ ಮಲಗಿಸಿದ್ದ. ತೂತುಗಳು ನನ್ನ ಕಡೆಗೆ ನೋಡುತ್ತಿದ್ದವು.

ಈಗ ನನ್ನ ಕೆಲಸವೇನೆಂದು ಹೇಳಬೇಕು. ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ನಾನು ಬ್ಲಾಕ್‌ಗಳನ್ನು ಒಡೆಯುತ್ತಿದ್ದೆ. ಪ್ರತಿ ಲೋಡಿನಿಂದ ಕೆಲವನ್ನು ಆರಿಸಿ, ಪ್ರೆಸ್ಸಿನಲ್ಲಿಟ್ಟು, ಒಡೆಯುವವರೆಗೆ ಒತ್ತಿ, ಎಷ್ಟು ತಡೆಯಿತೆಂದು ಬರೆಯುವುದು. ಹಾಲೋ ಬ್ಲಾಕಿನ ತೂತು ಆಕಾಶಕ್ಕೆ ಮುಖಮಾಡಿ ನಿಂತಿದ್ದರೆ ಮಾತ್ರ ಅದರ ಗೋಡೆಗಳು ಭಾರ ಹೊರುತ್ತವೆ. ಅಡ್ಡ ಮಲಗಿಸಿದರೆ ಭಾರವೆಲ್ಲ ಬೀಳುವುದು ತೂತಿನ ಮೇಲಿನ ತೆಳ್ಳನೆಯ ಪದರದ ಮೇಲೆ. ಕಬ್ಬಿಣ ಬಾಗುತ್ತದೆ, ಮರ ಕಿರುಗುಟ್ಟುತ್ತದೆ. ಬ್ಲಾಕ್ ಏನೂ ಹೇಳದೆ ಪುಡಿಯಾಗುತ್ತದೆ. ಷಡ್ಡಕನಿಗೆ ಕಬ್ಬಿಣ ಗೊತ್ತಿತ್ತು, ಸಿಮೆಂಟು ಗೊತ್ತಿರಲಿಲ್ಲ. ಆ ಅಂಗಳದಲ್ಲಿ ಸಿಮೆಂಟು ಗೊತ್ತಿದ್ದವನು ನಾನೊಬ್ಬನೇ.

ಆದರೂ ಹೇಳಲಿಲ್ಲ. ಹೇಳಿದರೆ ಮತ್ತೊಂದು ನಗು ಏಳುತ್ತದೆ ಎಂದುಕೊಂಡೆ. ಅದು ನನಗೆ ನಾನೇ ಕೊಟ್ಟುಕೊಂಡ ಕಾರಣ. ಅದರ ಕೆಳಗೆ ಇನ್ನೊಂದಿತ್ತು. ಬ್ಲಾಕ್ ಒಂದು ಸಲ ಚಟ್ಟೆನ್ನಲಿ, ಕಾರು ಒಂದಿಂಚು ಕುಸಿಯಲಿ, ಇವನ ಮುಖ ಬಿಳಿಚಿಕೊಳ್ಳಲಿ, ಆಗ ನಾನು ಎದ್ದು ಹೋಗಿ ಎಲ್ಲರ ಮುಂದೆ ವಿವರಿಸುತ್ತೇನೆ. ಅವನಿಗೆ ಪೆಟ್ಟಾಗಲಿ ಎಂದು ನಾನು ಬಯಸಲಿಲ್ಲ. ಅವನು ತಪ್ಪಿದನೆಂದು ಎಲ್ಲರಿಗೂ ಕಾಣಲಿ ಎಂದು ಬಯಸಿದೆ. ಒಂದಿಂಚು ಕುಸಿದು ನಿಲ್ಲುವ ಬ್ಲಾಕನ್ನು ನಾನು ಪ್ರೆಸ್ಸಿನಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಎಡಗಡೆಯ ಆಕ್ಸಲ್ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಹಳೆಯದು ಸುಲಭವಾಗಿ ಕೈಗೆ ಬಂತು. ಹೊಸದನ್ನು ತಳ್ಳಿದಾಗ ಒಳಗೆಲ್ಲೋ ಟಕ್ ಎಂದು ಕೂತ ಶಬ್ದ ಬಂತು. "ಕೇಳಿಸ್ತಾ ಮಾವ? ಲಾಕ್ ಆಯ್ತು" ಎಂದ. ಮಾವ ಅವನ ಬೆನ್ನಿಗೆ ಗುದ್ದಿದರು. ಬ್ಲಾಕ್‌ಗಳು ತಡೆದಿದ್ದವು. ಸಮಾಧಾನವಾಗಬೇಕಿತ್ತು. ನನಗಾದದ್ದು ನಿರಾಸೆ. ಇವತ್ತಿಗೂ ನಾನು ಹೆದರುವುದು ಕಾರು ಬಿದ್ದ ಗಳಿಗೆಗಲ್ಲ, ಆ ನಿರಾಸೆಗೆ.

ಅದೇ ಬ್ಲಾಕ್‌ಗಳನ್ನು ಬಲಗಡೆಗೆ ಹೊತ್ತು ಹಾಗೆಯೇ ಮಲಗಿಸಿದ. ಮಾವ ಕೋಳಿ ಸಾರಿನ ಸುದ್ದಿ ವಿಚಾರಿಸಲು ಒಳಗೆ ಹೋದರು. ಬಲಗಡೆಯದು ಉದ್ದನೆಯ ಆಕ್ಸಲ್, ಗೇರ್‌ಬಾಕ್ಸಿನಲ್ಲಿ ಕಚ್ಚಿಕೊಂಡಿತ್ತು. ಷಡ್ಡಕ ಎದೆಯವರೆಗೆ ಕಾರಿನ ಕೆಳಗೆ ಜಾರಿ, ರಾಡು ಕೊಟ್ಟು ಮೀಟತೊಡಗಿದ. ಪ್ರತಿ ಮೀಟಿಗೂ ಕಾರು ಸಣ್ಣಗೆ ಅಲುಗುತ್ತಿತ್ತು. ನನ್ನ ಕಣ್ಣು ಬ್ಲಾಕಿನ ಮೇಲೆಯೇ ಇತ್ತು. ಮೇಲಿನ ಬ್ಲಾಕಿನ ತೂತಿನ ಮೂಲೆಯಿಂದ ಕೂದಲೆಳೆಯಷ್ಟು ಗೆರೆ ಹೊರಟಿತು. ಒಂದು ಚಿಟಿಕೆ ಬೂದು ಪುಡಿ ಉದುರಿತು.

"ಹೊರಗ್ ಬಾ!" ಎಂದೆ.

"ಒಂದ್ನಿಮಿಷ ಅಣ್ಣ, ಬಂತು, ಇನ್ನೇನ್ ಬಂತು." ಆಕ್ಸಲ್ ಬಂತು ಎಂದು ಅವನು ಹೇಳುತ್ತಿದ್ದ.

ಮತ್ತೊಮ್ಮೆ ಮೀಟಿದ. ನಾನು ಅವನ ಎರಡು ಕಾಲು ಹಿಡಿದು ಹಿಂದಕ್ಕೆ ಎಳೆದೆ. ಅವನು "ಏಯ್ ಏಯ್" ಎನ್ನುತ್ತಿದ್ದಂತೆ ಅಂಗಿ ಕುತ್ತಿಗೆಯವರೆಗೆ ಸರಿದು ಬೆನ್ನು ನೆಲಕ್ಕೆ ಉಜ್ಜಿತು. ತಲೆ ಹೊರಗೆ ಬರುತ್ತಿದ್ದಂತೆ ಕಾರು ಬಿತ್ತು. ದೊಡ್ಡ ಸದ್ದೇನಲ್ಲ. ಮೊದಲು ಮಡಕೆ ಒಡೆದಂತೆ, ಆಮೇಲೆ ಕಬ್ಬಿಣ ನೆಲಕ್ಕೆ ಬಡಿದಂತೆ. ಅವನ ಕೈಯಲ್ಲಿದ್ದ ರಾಡು ಕೆಳಗೇ ಉಳಿದು ಬಾಗಿತ್ತು.

ಮಾವ ಓಡಿ ಬಂದರು. ಅಡಿಗೆಮನೆಯಿಂದ ಓಡಿ ಬಂದ ಷಡ್ಡಕನ ಹೆಂಡತಿ ಅವನ ತಲೆ, ಎದೆ, ಕೈ ಮುಟ್ಟಿ ಮುಟ್ಟಿ ನೋಡಿದಳು. ಅವನು ತೊದಲುತ್ತ, "ಅಣ್ಣ ಎಳ್ದ್ರು... ಅಣ್ಣ ಎಳ್ಕೊಂಡ್ರು" ಎಂದ. ಮಾವ ನನ್ನ ಎರಡೂ ಕೈ ಹಿಡಿದು, "ದ್ಯಾವ್ರು ಬಂದಂಗ್ ಬಂದ್ರಿ. ನೀವಿಲ್ದಿದ್ರೆ ಏನ್ ಗತಿಯಾಗ್ತಿತ್ತು" ಎಂದು ಅತ್ತರು. ಅವರ ಕೈಯ ಗ್ರೀಸು ನನ್ನ ಕೈಗೂ ಆಯಿತು. ಊಟಕ್ಕೆ ಕೂತಾಗ ನನ್ನ ಹೆಂಡತಿ ಯಾರೂ ನೋಡದಂತೆ ನನ್ನ ಭುಜಕ್ಕೆ ಭುಜ ತಾಗಿಸಿದಳು. ಮೂರು ವರ್ಷ ಆ ಮನೆಯಲ್ಲಿ ನಾನು ಕಾದದ್ದೆಲ್ಲ ಒಂದೇ ಮಧ್ಯಾಹ್ನ ಬಂದು ನನ್ನ ಎಲೆಗೆ ಬಿತ್ತು. ಎಲೆಯನ್ನು ಹಾಗೆಯೇ ಮಡಚಿ ಎದ್ದೆ.

ಆ ವಾರ ಕೆಲಸದಲ್ಲಿ ಪ್ರೆಸ್ಸಿನ ಎದುರು ನಿಂತಾಗಲೆಲ್ಲ ಬ್ಲಾಕಿನ ಜಾಗದಲ್ಲಿ ಅವನ ಎದೆ ಕಾಣುತ್ತಿತ್ತು. ಎಳೆದದ್ದು ನೆನಪಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ನಾನು ಸುಮ್ಮನೆ ನಿಂತಿದ್ದದ್ದು.

ಮುಂದಿನ ಭಾನುವಾರ ಅವನು ಬಲಗಡೆಯದನ್ನು ಮುಗಿಸಲು ಬಂದ. ಈ ಸಲ ಶೆಡ್ಡಿನಿಂದ ದಪ್ಪ ಮರದ ದಿಮ್ಮಿಗಳನ್ನು ತಂದಿದ್ದ. ಮಾವ ಹಾಲು ತರಲು ಹೋಗಿದ್ದರು. ಚಕ್ರಕ್ಕೆ ನಟ್ಟು ಹಾಕುತ್ತಿದ್ದವನ ಪಕ್ಕ ಕೂತು ಹೇಳಿದೆ.

"ಹೋದ್ ವಾರ ನೀನು ಬ್ಲಾಕ್ ಇಡುವಾಗ್ಲೇ ನನಗೆ ಗೊತ್ತಿತ್ತು."

"ಏನು?"

"ಒಡೆಯತ್ತೆ ಅಂತ. ನನ್ನ ಕೆಲಸಾನೇ ಅದು."

"ತಮಾಷೆ ಮಾಡ್ಬೇಡಿ ಅಣ್ಣ." ನಗುತ್ತಲೇ ನನ್ನ ಮುಖ ನೋಡಿದ. ನಗು ಹೋಯಿತು. "ಮತ್ತೆ ಯಾಕ್ ಹೇಳ್ಲಿಲ್ಲ?"

"ನಿನ್ನ ಮೇಲೆ ಹೊಟ್ಟೆಕಿಚ್ಚು."

"ನನ್ ಮೇಲಾ?" ಸ್ಪ್ಯಾನರು ಕೈಯಲ್ಲೇ ನಿಂತಿತು. "ನಂದೇನಿದೆ ಅಣ್ಣ ಹೊಟ್ಟೆ ಉರ್ಕೊಳ್ಳಕ್ಕೆ? ಸಿಂಗಲ್ ರೂಮು, ನೈಟ್ ಶಿಫ್ಟು."

ಮುಂದಿನ ನಟ್ಟನ್ನು ಅವನ ಕೈಗೆ ಕೊಟ್ಟೆ. ಬಿಡಿಸಿ ಹೇಳಿದ್ದರೂ ಅವನಿಗೆ ಅರ್ಥವಾಗುತ್ತಿರಲಿಲ್ಲ. ಮಾವನಿಂದ ಬೈಸಿಕೊಳ್ಳುವ ಆ ಸಲಿಗೆ ತನ್ನ ಬಳಿ ಇದ್ದದ್ದು ಅವನಿಗೇ ಕಾಣುತ್ತಿರಲಿಲ್ಲ. ಅವನು ಉಳಿದ ನಟ್ಟುಗಳನ್ನು ಒಂದೊಂದಾಗಿ ಬಿಗಿದ. ಕೊನೆಯದನ್ನು ಬಿಗಿಯುತ್ತ, "ಎಡಗಡೆ ಮಾಡುವಾಗ್ಲೂ?" ಎಂದು ಕೇಳಿದ.

"ಹೂಂ."

"ಎಳೆದ್ರಲ್ಲ ಕೊನೇಗೆ. ಆಯ್ತು ಬಿಡಿ."

ಅವನು ಯಾರಿಗೂ ಹೇಳಲಿಲ್ಲ. ತನ್ನ ಹೆಂಡತಿಗೂ ಹೇಳಲಿಲ್ಲ. ಹೇಳಿದ್ದರೆ ಅವಳ ಕಣ್ಣಿನಲ್ಲಿ ನನಗೆ ತಿಳಿಯುತ್ತಿತ್ತು. ನೆಂಟರ ಮನೆಗಳಲ್ಲಿ ಮಾವ ದೊಡ್ಡಳಿಯ ಕಾಪಾಡಿದ ಕತೆ ಹೇಳುವಾಗಲೆಲ್ಲ ಅವನು ತಲೆಯಾಡಿಸಿ ಹೌದು ಹೌದು ಎನ್ನುತ್ತಿದ್ದ. ಅವನ ಜಾಗದಲ್ಲಿ ನಾನಿದ್ದರೆ ಹೀಗೆ ಸುಮ್ಮನಿರುತ್ತಿರಲಿಲ್ಲ. ಇದರಲ್ಲೂ ಅವನೇ ನನಗಿಂತ ಮೇಲಾದನಲ್ಲ ಎಂದು ಹೊಟ್ಟೆ ಮತ್ತೆ ಉರಿಯಿತು. ಇಷ್ಟೆಲ್ಲ ಆದ ಮೇಲೂ!

ಕೆಲವು ತಿಂಗಳ ನಂತರ ಕಾರಿನ ಸೈಲೆನ್ಸರ್ ಕಳಚಿ ನೇತಾಡತೊಡಗಿತು. ನಾನು ಗೇಟು ತೆಗೆದಾಗ ಷಡ್ಡಕ ದಿಮ್ಮಿಗಳ ಮೇಲೆ ಕಾರು ಕೂರಿಸಿ, ಕೆಳಗೆ ರಟ್ಟು ಹಾಸಿ, ಮಂಡಿಯೂರಿದ್ದ. ತಲೆಯೆತ್ತಿ ನನ್ನನ್ನು ನೋಡಿದ. ದಿಮ್ಮಿಗಳನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಮಂಡಿಯ ಮಣ್ಣು ಕೊಡವುತ್ತ ಎದ್ದು ನಿಂತ.

"ಮಾವ, ಇದು ಗ್ಯಾರೇಜಿಗೇ ಬಿಡೋಣ."

"ಈ ಚೂರು ಕೆಲ್ಸಕ್ಕೆ ಗ್ಯಾರೇಜಾ? ಈಗ ತಾನೇ ಮಾಡ್ತೀನಿ ಅಂದೆ?"

"ಬೆನ್ ಯಾಕೋ ಹಿಡ್ಕೊಂಡಿದೆ ಮಾವ" ಎಂದ.

ಅವನು ಜಾಕ್ ಏರಿಸಿ ದಿಮ್ಮಿಗಳನ್ನು ತೆಗೆದ. ಕಾರನ್ನು ಮೆಲ್ಲಗೆ ನೆಲಕ್ಕಿಳಿಸಿ, ರಟ್ಟನ್ನು ಮಡಚಿ ಗೋಡೆಗೆ ಒರಗಿಸಿದ. ಕೈ ತೊಳೆಯಲು ನಲ್ಲಿಯ ಕಡೆ ಹೋಗುತ್ತ, ನನ್ನ ಮುಖ ನೋಡದೆಯೇ, "ಟ್ರೈನ್ ರಶ್ ಇತ್ತಾ ಅಣ್ಣ?" ಎಂದು ಕೇಳಿದ. ಇತ್ತು ಎಂದೆ.