ಪುಣೆಯಲ್ಲಿ ಉಳಿದ ಕುಂಕುಮ

ರಾಜಾರಾಮನ ಮನೆಯ ನೀರು ನಾನು ಮುಟ್ಟುವುದಿಲ್ಲ. ಹತ್ತು ವರ್ಷದ ಮೇಲಾಯಿತು. ಅವನು ನಮ್ಮೂರು ಹಾರೂಗೇರಿಗೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಎದುರಿಗೆ ಸಿಕ್ಕರೂ ಮುಖ ತಿರುಗಿಸುತ್ತೇನೆ. "ಬಿಡೋ ಮಲಕಾರಿ, ನಾಕನೇ ಇಯತ್ತೆತನಕಾ ಒಂದ ಹರಕ ತಟ್ಟಿನ ಮ್ಯಾಲ ಕುಂತ ಕಲತವರು ನೀವು" ಎಂದು ಜನ ಹೇಳುತ್ತಾರೆ. ಬಿಡುವುದಿಲ್ಲ. ನನ್ನ ಹೆಂಡತಿಯ ಎದುರಿಗೆ ಅವನು ಆಡಿದ ಮಾತು ಬಿಡುವಂಥದ್ದಲ್ಲ. ಆದರೆ ಅವನ ಮಾತಿಗಿಂತ ಮೊದಲು ನನ್ನ ಬಾಯಿ ಹರಿದಿತ್ತು. ಅದನ್ನೂ ಬರೆಯಬೇಕು, ಇಲ್ಲವಾದರೆ ಈ ಹಾಳೆ ಕೆಡಿಸುವುದು ಯಾಕೆ?

ನನ್ನ ಹೆಂಡತಿ ಸತ್ತೆವ್ವ ಜುಗೂಳದವಳು. ಹದಿನಾರಕ್ಕೆ ಮದುವೆಯಾಗಿ ಅಥಣಿ ಕಡೆಯ ಹಳ್ಳಿಗೆ ಹೋಗಿದ್ದಳು. ಹತ್ತೊಂಬತ್ತಕ್ಕೆ ಅವಳ ಗಂಡ ನೀರೆತ್ತುವ ಮೋಟಾರಿನ ಕರೆಂಟು ಹೊಡೆದು ಸತ್ತ. ನನ್ನ ಮೊದಲ ಹೆಂಡತಿ ಬಾಣಂತನದಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿದಿರಲಿಲ್ಲ. ಹಿರಿಯರು ಕೂಡಿ ನಮ್ಮಿಬ್ಬರಿಗೆ ಉಡಿಕಿ ಮಾಡಿದರು. ಉಡಿಕಿ ಅಂದರೆ ಗಂಡ ಸತ್ತವಳಿಗೆ ಇನ್ನೊಮ್ಮೆ ಸೀರೆ ಉಡಿಸಿ ಕರೆದುಕೊಂಡು ಬರುವುದು. ಹಂದರವಿಲ್ಲ, ವಾಲಗವಿಲ್ಲ, ಅಕ್ಕಿಕಾಳು ಇಲ್ಲ. ನಾಲ್ಕೈದು ಗಂಡಸರು ಕುಳಿತು ಹೂಂ ಅಂದರೆ ಮುಗಿಯಿತು. ಕೊರಳಲ್ಲಿ ತಾಳಿ ಇರುತ್ತದೆ, ಹಣೆಯಲ್ಲಿ ಕುಂಕುಮ ಇರುತ್ತದೆ, ಮುತ್ತೈದೆಯರ ಸಾಲಿನಲ್ಲಿ ಮಾತ್ರ ಜಾಗ ಇರುವುದಿಲ್ಲ.

ಸತ್ತೆವ್ವ ಕೆಲಸದಲ್ಲಿ ಗಟ್ಟಿ. ಕಬ್ಬಿನ ಒಣಗಿದ ಗರಿ, ಅಂದರೆ ರವದಿ, ಕಟ್ಟುವುದರಲ್ಲಿ ಅವಳ ಸಮ ಇನ್ನೊಬ್ಬಳಿಲ್ಲ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ನನ್ನ ಸಿಟ್ಟನ್ನು ಮಳೆಯಂತೆ ತಿಳಿದಿದ್ದಳು, ಬಂದಾಗ ಒಳಗೆ ಹೋಗಿ ಕೂಡುತ್ತಿದ್ದಳು. ನನ್ನ ಅಣ್ಣನ ಮಗನ ಮದುವೆಯಲ್ಲಿ ಎರಡು ದಿನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಳು. ಅರಿಷಿಣ ಹಚ್ಚಲು ಐದು ಮಂದಿ ಮುತ್ತೈದೆಯರನ್ನು ಕರೆದಾಗ, ಯಾರೂ ಏನೂ ಹೇಳುವ ಮೊದಲೇ ಕೊಡ ತೆಗೆದುಕೊಂಡು ನೀರಿಗೆ ಹೋಗಿಬಿಟ್ಟಳು. ಎಂಟು ದಿನ ಬಿಟ್ಟು, ದನಕ್ಕೆ ಮೇವು ಹಾಕುತ್ತ ನನಗೆ ಹೇಳಿದಳು:

"ಒಂದ ಸಲಾ ಆ ಸಾಲಿನ್ಯಾಗ ಕುಂದರಬೇಕ್ರಿ. ಯಾರರೆ ಕರದು ಕುಂಕಮಾ ಹಚ್ಚಬೇಕು, ನಾನೂ ಅವರಿಗಿ ಹಚ್ಚಬೇಕು. ಮತ್ತೇನ ಬ್ಯಾಡ ನನಗ."

ನಾನು ಆಗ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರ್. ಎಂಬತ್ತೆಂಟರ ಸಂಕ್ರಾಂತಿ ಮುಗಿದ ಮರುದಿನ ಟ್ರೇಲರಿನ ಅಚ್ಚು ಮುರಿಯಿತು. ಸೋಮವಾರದವರೆಗೆ ಆಗುವುದಿಲ್ಲ ಎಂದು ಗ್ಯಾರೇಜಿನವನು ಕೈಯೆತ್ತಿದ. ಕಬ್ಬಿನ ಸುಗ್ಗಿಯಲ್ಲಿ ಎರಡು ದಿನ ಸೂಟಿ ಅಂದರೆ ನನ್ನ ಜನ್ಮದಲ್ಲಿ ಅದೇ ಮೊದಲು. ರಾಜಾರಾಮ ಪುಣೆಯಲ್ಲಿ ಲಾರಿ ಕಂಪನಿಯ ಡ್ರೈವರ್ ಆಗಿದ್ದ. ಬಾ ಬಾ ಎಂದು ವರ್ಷಕ್ಕೆರಡು ಕಾರ್ಡು ಬರೆಯುತ್ತಿದ್ದ. ಪುಣೆಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲಿ ಅರಿಷಿಣ ಕುಂಕುಮಕ್ಕೆ ಹೆಂಗಸರನ್ನು ಕರೆಯುತ್ತಾರೆ, ಇದು ಗಡಿಯವರಾದ ನಮಗೆಲ್ಲ ಗೊತ್ತಿದ್ದದ್ದೇ. ಅಲ್ಲಿ ಸತ್ತೆವ್ವ ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ, ಉಡಿಕಿಯ ಸುದ್ದಿ ರಾಜಾರಾಮನಿಗೂ ನಾನು ಬರೆದಿರಲಿಲ್ಲ.

ಶನಿವಾರ ನಸುಕಿನಲ್ಲಿ ಹೊರಟು ನಿಪ್ಪಾಣಿಯಲ್ಲಿ ಪುಣೆಯ ಬಸ್ಸು ಹಿಡಿದೆವು. ಸತ್ತೆವ್ವ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕುಳಿತಳು, ನಿದ್ದೆ ಮಾಡಲಿಲ್ಲ. ಇಳಿಹೊತ್ತಿಗೆ ರಾಜಾರಾಮನ ಚಾಳಿಗೆ ಮುಟ್ಟಿದೆವು. ಒಂದೇ ಉದ್ದ ಪಡಸಾಲೆ, ಅದಕ್ಕೆ ಹತ್ತು ಬಾಗಿಲು. ಅವನ ತಾಯಿ ಹೊಳೆವ್ವ ಬಾಗಿಲಲ್ಲೇ ಕುಳಿತಿದ್ದಳು. ಅವಳು ಊರು ಬಿಟ್ಟು ಬಹಳ ವರ್ಷವಾಗಿತ್ತು.

"ನಿನ್ನ ಮೊದಲನೇ ಮದವಿ ಊಟಾ ಉಂಡಾಕಿ ನಾ. ಈಕಿ ಯಾವೂರಾಕಿಪಾ?"

"ಜುಗೂಳದಾಕಿ, ಕಾಕಿ."

"ಮದವಿ ಅಲ್ಲೇ ಆತೇನ?"

"ಹೂಂ, ಅಲ್ಲೇ."

ಅಷ್ಟೇ ಸುಳ್ಳು. ಸತ್ತೆವ್ವ ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಆ ಸಂಜೆಯೇ ಪಕ್ಕದ ಬಾಗಿಲಿನ ಇಂದುಬಾಯಿ ಬಂದು ಕರೆದಳು. ಮರಾಠಿಯ ಹೆಣ್ಣುಮಗಳು, ದಪ್ಪನೆಯ ಮೈ, ದೊಡ್ಡ ದನಿ. ಅರ್ಧ ತಾಸಿನ ನಂತರ ಸತ್ತೆವ್ವ ತಿರುಗಿ ಬಂದಳು. ಹಣೆ ತುಂಬ ಕುಂಕುಮ, ಗಲ್ಲಕ್ಕೆ ಅರಿಷಿಣ, ತಲೆಯಲ್ಲಿ ಹೂವು, ಸೆರಗಿನಲ್ಲಿ ಕುಸುರೆಳ್ಳು.

"ಹಚ್ಚಿದರ್ರಿ" ಎಂದಳು.

"ನೀ ಹಚ್ಚಿದಿ?"

ಹಚ್ಚಿರಲಿಲ್ಲ. ಕುಂಕುಮ ಹಚ್ಚಿಸಿಕೊಂಡವಳು ಹಚ್ಚಿದವಳಿಗೆ ತಿರುಗಿ ಹಚ್ಚಲೇಬೇಕು. ಹಾಗೇ ಎದ್ದು ಬಂದರೆ ಋಣ ಉಳಿಯುತ್ತದೆ. ಇಂದುಬಾಯಿ ಭರಣಿ ಮುಂದೆ ಹಿಡಿದು "ಆತಾ ತುಮ್ಹೀ ಮಲಾ ಲಾವಾ", ಈಗ ನೀವು ನನಗೆ ಹಚ್ಚಿ, ಎಂದು ಹಣೆ ಚಾಚಿದಾಗ ಇವಳ ಕೈ ಏಳಲಿಲ್ಲವಂತೆ. ನಾಳೆ ಹಚ್ಚುತ್ತೇನೆ ಎಂದು ಹೇಗೋ ಮರಾಠಿಯಲ್ಲಿ ಹೇಳಿ ಬಂದಿದ್ದಳು.

"ಆಕಿ ಗಂಡ ಅಲ್ಲೇ ಪೇಪರ ಓದಕೋತ ಕುಂತಿದ್ದರಿ. ನನ್ನ ಕೈಗುಣಾ ಆ ಪುಣ್ಯಾತ್ಮಗ ತಟ್ಟಿದರ?"

"ಹುಚ್ಚಿ ಅದಿ ನೀ! ಇದಕ ಇಷ್ಟ ದೂರ ಬರಬೇಕಾಗಿತ್ತೇನ?" ಎಂದು ಗದರಿದೆ.

ರವಿವಾರ ಮುಂಜಾನೆ ಪರ್ವತಿ ಗುಡ್ಡ ಹತ್ತಿದೆವು. ಮೇಲೆ ನಿಂತರೆ ಪುಣೆ ಪೂರ್ತಿ ಕಾಣುತ್ತದೆ. ಸತ್ತೆವ್ವ ಬಹಳ ಹೊತ್ತು ನೋಡಿದಳು. "ಇಷ್ಟ ಮನಿ ಅದಾವು, ಒಬ್ಬರಿಗಿನೂ ನಾ ಗೊತ್ತಿಲ್ಲ ನೋಡ್ರಿ" ಎಂದು ನಕ್ಕಳು. ಹಾಗೆ ಬಾಯಿಬಿಟ್ಟು ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ. ಇಳಿಯುವಾಗ ತಾನೇ ಹೇಳಿದಳು: "ಇವತ್ತ ಹಚ್ಚತೇನ್ರಿ. ಆಕಿ ಅಷ್ಟ ಚಂದಾಗಿ ಕರದಾಳ, ಹಚ್ಚಲಿಲ್ಲಂದ್ರ ತಪ್ಪಾಗತೈತಿ." ತುಳಸಿಬಾಗಿನ ಪೇಟೆಯಲ್ಲಿ ಒಂದು ಡಜನ್ ಹಸಿರು ಬಳೆ ಇಟ್ಟುಕೊಂಡಳು.

ಮಧ್ಯಾಹ್ನ ರಾಜಾರಾಮನ ಮನೆಯಲ್ಲೇ ಅರಿಷಿಣ ಕುಂಕುಮ. ಚಾಳಿನ ಹೆಂಗಸರು ಒಳಗೆ ಸಾಲಾಗಿ ಕುಳಿತಿದ್ದರು. ನಾನೂ ರಾಜಾರಾಮನೂ ಬಾಗಿಲ ಹೊರಗೆ ಪಡಸಾಲೆಯಲ್ಲಿ ಚಾಪೆಯ ಮೇಲೆ. ಬಾಗಿಲು ತೆರೆದೇ ಇತ್ತು. ಸತ್ತೆವ್ವ ಸಾಲಿನಲ್ಲಿ ಮೂರನೆಯವಳು, ಪಕ್ಕದಲ್ಲಿ ಇಂದುಬಾಯಿ. ಹೊಳೆವ್ವನ ಸೊಸೆ ಭರಣಿ ಹಿಡಿದಿದ್ದಳು.

ರಾಜಾರಾಮನಿಗೆ ಅವತ್ತು ಚೇಷ್ಟೆ ಹತ್ತಿತ್ತು.

"ಲೇ ಮಲಕಾರಿ, ಎರಡನೇ ಮದವಿ ಮಾಡಕೊಂಡಿ, ಒಂದ ಲಗ್ನಪತ್ರಿಕಿ ಹಾಕಾಕ ಆಗಲಿಲ್ಲಲಾ ನಿನಗ?"

"ಹಾಕಲಿಲ್ಲ, ಬಿಡ."

"ಹೋಳಗಿ ಉಳಸಾಕ ನೋಡೀದಿ ಮಗನ. ಬಂದಿದ್ರ ನಾ ಎಷ್ಟ ತಿಂತಿದ್ದೆ?"

"ಬಿಡ ಅಂದ್ನೆಲ್ಲ."

"ಜುಗೂಳದಾಗ ಹಂದರಾ ದೊಡ್ಡದ ಹಾಕಿದ್ದರೇನ? ಬ್ಯಾಂಡ ಮಿರಜಿಂದ ತರಿಸಿದ್ದಿ? ಬಡವ್ರನ್ನ ಯಾಕ ಕರೀತಿ, ಶ್ರೀಮಂತ ಆದಿ ನೀ."

ನನ್ನ ತಲೆ ಕಾಯಿತು. ನನ್ನ ಸಿಟ್ಟು ಅಂದರೆ ಮೊದಲು ಬಾಯಿ, ಆಮೇಲೆ ಬುದ್ಧಿ. ಎದ್ದು ನಿಂತು ಗಂಟಲು ಹರಿಯುವಂತೆ ಅಂದುಬಿಟ್ಟೆ:

"ಯಾವ ಹಂದರಲೇ? ಯಾವ ಬ್ಯಾಂಡ? ಉಡಿಕಿ ಮಾಡಕೊಂಡ ಬಂದೇನಿ, ಉಡಿಕಿ! ಉಡಿಕಿಗೆ ಯಾರಪ್ಪ ಪತ್ರಿಕಿ ಹಾಕತಾನ?"

ಒಳಗೆ ಬಳೆಗಳ ಸದ್ದು ನಿಂತಿತು. ನೋಡಿದರೆ ಸತ್ತೆವ್ವನ ಉಂಗುರ ಬೆರಳಿನ ತುದಿಯಲ್ಲಿ ಕುಂಕುಮ ಇತ್ತು. ಕೈ ಇಂದುಬಾಯಿಯ ಹಣೆಯ ಹತ್ತಿರ ಹೋಗಿತ್ತು, ಇನ್ನೊಂದು ಗೇಣು ಇಲ್ಲ. ಅಲ್ಲೇ ನಿಂತಿತು. ಇಂದುಬಾಯಿಗೆ ಕನ್ನಡ ಬಾರದು, ಹಣೆ ಚಾಚಿ ಕಣ್ಣು ಮುಚ್ಚಿಯೇ ಕುಳಿತಿದ್ದಳು.

ಹೊಳೆವ್ವ ಸೊಸೆಯ ಕೈಯಿಂದ ಭರಣಿ ಕಸಿದುಕೊಂಡಳು. ಉಳಿದವರು ಏನಾಯಿತು ಎಂದು ಕೇಳಿದರು. "ಹಿಚಾ ಪಾಟ ಲಾಗಲಾಯ" ಎಂದಳು. ಉಡಿಕಿಗೆ ಮರಾಠಿಯಲ್ಲಿ ಪಾಟ ಅನ್ನುತ್ತಾರೆ. ಆ ಹೆಂಗಸರಲ್ಲಿ ಅದು ತಿಳಿಯದವಳು ಒಬ್ಬಳೂ ಇರಲಿಲ್ಲ.

ರಾಜಾರಾಮ ಹೊಸ್ತಿಲಿಗೆ ಬಂದು, ಸತ್ತೆವ್ವನಿಗೂ ಕೇಳುವ ಹಾಗೆ ಅಂದ: "ಅಲ್ಲಲೇ, ಹಿಂಗ ಐತಿ ಅಂತ ಮೊದಲ ಹೇಳಬೇಕಿಲ್ಲೇನ? ಮನ್ಯಾಗ ಮುತ್ತೈದೇರು ಕುಂತಾರ, ಅಂಥಾದ್ರಾಗ ಇಂಥಾಕಿನ್ನ ತಂದ ಕುಂದ್ರಸೀದಿ."

ಇಂಥಾಕಿ. ಅವನ ಅಂಗಿಯ ಕಾಲರಿಗೆ ಕೈ ಹಾಕಿದೆ. ಚಾಳಿನ ಗಂಡಸರು ಓಡಿ ಬಂದು ಬಿಡಿಸಿದರು.

ಆ ಗದ್ದಲದಲ್ಲಿ ಇಂದುಬಾಯಿ ಎದ್ದು ಹೋಗಲಿಲ್ಲ. ಪಾಟ ಎಂದರೆ ಏನು ಎಂದು ಅವಳಿಗೂ ಗೊತ್ತು. ಆದರೂ ಕುಳಿತಲ್ಲಿಂದ ಕದಲದೆ ಇನ್ನೊಮ್ಮೆ ಹಣೆ ಮುಂದೆ ಮಾಡಿದಳು. "ಲಾವಾ ನಾ, ತಾಈ" ಎಂದಳು ಮೆಲ್ಲಗೆ, ಹಚ್ಚಿ ಅಕ್ಕಾ ಎಂದು. ನಾನು ಕಿವಿಯಾರೆ ಕೇಳಿದೆ. ಸತ್ತೆವ್ವ ಬೆರಳನ್ನು ತನ್ನ ಸೆರಗಿಗೆ ಒರೆಸಿಕೊಂಡು ಎದ್ದಳು. ನಮ್ಮ ಕೈಚೀಲ ತೆಗೆದುಕೊಂಡು ಹೊರಗೆ ಬಂದಳು.

ಸ್ವಾರಗೇಟಿನ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ನಾನು ರಾಜಾರಾಮನನ್ನು ಬೈಯುತ್ತಲೇ ಇದ್ದೆ, ಅವನ ತಾಯಿಯನ್ನೂ ಬಿಡಲಿಲ್ಲ. ಸತ್ತೆವ್ವ ಹೇಳಿದಳು:

"ಅವರಿಗಿ ಯಾಕ ಬೈತೀರಿ? ಅವರಿಗೇನ ಕನಸ ಬಿದ್ದಿತ್ತೇನ?"

ನಾನು ತಪ್ಪಾಯಿತು ಎನ್ನಬೇಕಾಗಿತ್ತು. ಅನ್ನಲಿಲ್ಲ. ಬೈಗುಳ ಮಾತ್ರ ಸಲೀಸಾಗಿ ಬರುವ ಬಾಯಿ ಇದು.

ಆಮೇಲಿನ ಅವಳ ಬದುಕಿನಲ್ಲಿ ಬರೆಯುವಂಥದ್ದು ಹೆಚ್ಚಿಲ್ಲ. ಕಬ್ಬು, ದನ, ಒಲೆ. ಮಕ್ಕಳಾಗಲಿಲ್ಲ. ಯಾರ ಮನೆಯ ಶುಭಕಾರ್ಯಕ್ಕೂ ಹೋಗಲಿಲ್ಲ, ರೊಟ್ಟಿ ಬಡಿಯಲು ಕೂಡ. ಪ್ರತಿ ಸಂಕ್ರಾಂತಿಗೆ ಒಂದು ಮಾತು ಆಡುತ್ತಿದ್ದಳು: "ಪುಣೇದಾಕಿಂದ ಒಂದ ಕುಂಕಮಾ ನನ್ನ ಮ್ಯಾಲ ಉಳದೈತ್ರಿ." ತೊಂಬತ್ಮೂರರಲ್ಲಿ ನಾನೇ ಅಂದೆ, "ನಡಿ, ರಾಜಾರಾಮನ ಬಾಗಲಾ ತುಳಿಯೂದ ಬ್ಯಾಡ, ಇಂದುಬಾಯಿ ಮನಿಗಷ್ಟ ಹೋಗಿ ಹಚ್ಚಿ ಬಾ." ತಲೆ ಅಲ್ಲಾಡಿಸಿದಳು.

"ಆಕಿ ಗಂಡ ನೆಟ್ಟಗಿರಲಿ. ನನ್ನ ಕೈ ಬ್ಯಾಡ."

ಅದಕ್ಕೂ ಸಿಟ್ಟು ಮಾಡಿದೆ. ತಾಟು ಎಸೆದು ಹೊಲಕ್ಕೆ ಹೋದೆ.

ತೊಂಬತ್ತೇಳರ ಶ್ರಾವಣದಲ್ಲಿ ಜ್ವರ ಬಂದು ಹತ್ತು ದಿನಕ್ಕೆ ಹೋದಳು. ರಾಯಬಾಗದ ದವಾಖಾನೆಯಲ್ಲಿ ಕೊನೆಯ ಎರಡು ದಿನ ಅವಳಿಗೆ ಎಚ್ಚರವಿರಲಿಲ್ಲ. ತಪ್ಪಾಯಿತು ಎಂದು ಆಗ ಅಂದೆ. ಕೇಳಿಸಿತೋ ಇಲ್ಲವೋ.

ಕಳೆದ ವರ್ಷ ಬೆಲ್ಲದ ಲಾರಿಯ ಜೊತೆ ಪುಣೆಗೆ ಹೋಗುವ ಕೆಲಸ ಬಂದಿತ್ತು. ಆ ಚಾಳಿನ ತಿರುವಿನವರೆಗೆ ನಡೆದು ಹೋದೆ. ಇಂದುಬಾಯಿ ಇನ್ನೂ ಅಲ್ಲಿದ್ದಾಳೆಯೋ, ಅವಳ ಗಂಡ ಹೇಗಿದ್ದಾನೆಯೋ, ವಿಚಾರಿಸಲಿಲ್ಲ. ವಿಚಾರಿಸಿ ಏನು ಮಾಡಲಿ? ಹೆಂಗಸು ಹೆಂಗಸಿಗೆ ಹಚ್ಚಬೇಕಾದದ್ದು ಅದು, ಪರರ ಹೆಂಡತಿಯ ಹಣೆ ನಾನು ಮುಟ್ಟುವಂತಿಲ್ಲ. ಸತ್ತೆವ್ವನ ಬದಲು ಹಚ್ಚಲು ನಮ್ಮ ಮನೆಯಲ್ಲಿ ಹೆಣ್ಣುಮಗಳಿಲ್ಲ. ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು ಲಾರಿಗೆ ತಿರುಗಿ ಬಂದೆ. ಆ ಒಂದು ಕುಂಕುಮ ಹಾಗೇ ಉಳಿದಿದೆ.