ಏಕಾದಶಿಯ ಚೈನಾಗ್ರಾಸ್

ಗಫೂರ್ ಸಾಬರೇ, ನೀವು ನನಗೆ ಹೇಳಿದ್ದಿರಿ. ಒಂದು ಸಲವಲ್ಲ, ಎರಡು ಸಲ. ನೀವು ಹೇಳಲೇ ಇಲ್ಲ ಎಂದು ಹಲಸೂರಿನವರೆಲ್ಲ ನಂಬಿದ್ದು ನನ್ನ ಸುಳ್ಳನ್ನು. ಗೊತ್ತಿದ್ದೇ ತಂದೆ, ಗೊತ್ತಿದ್ದೇ ಕುದಿಸಿದೆ, ಗೊತ್ತಿದ್ದೇ ಬಡಿಸಿದೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಕೊಡಲು ನೀವಿಲ್ಲ, ಇದ್ದು ಕೊಟ್ಟರೂ ತೆಗೆದುಕೊಳ್ಳುವ ಮುಖ ನನಗಿಲ್ಲ. ಓದುತ್ತ ಓದುತ್ತ 'ಪಾಪ, ಆ ಕಾಲದ ಸೊಸೆಯರ ಕಷ್ಟ' ಎಂದು ಲೊಚಗುಟ್ಟುವವರಿದ್ದರೆ ಇಲ್ಲಿಗೇ ನಿಲ್ಲಿಸಿಬಿಡಿ. ನಿಮ್ಮ ಕನಿಕರ ನನಗೆ ಬೇಡ.

ನಾನು ಹುಟ್ಟಿದ್ದು ಬ್ಲ್ಯಾಕ್‌ಪಲ್ಲಿಯಲ್ಲಿ — ಈಗ ಅದನ್ನು ಶಿವಾಜಿನಗರ ಎನ್ನುತ್ತಾರೆ. ಮದುವೆಯಾಗಿ ಹಲಸೂರಿಗೆ ಬಂದಾಗ ಯುದ್ಧ ಶುರುವಾಗಿತ್ತು. ಯಜಮಾನರು ವಿಮಾನದ ಕಾರ್ಖಾನೆಯಲ್ಲಿ ಗುಮಾಸ್ತರು. ಮನೆ ಆಳುತ್ತಿದ್ದವರು ಅತ್ತೆ. ನಾನಿಟ್ಟ ರಂಗೋಲಿ ಸೊಟ್ಟ, ಮಾಡಿದ ಸಾರು ಕಲಗಚ್ಚು, ಕೂತರೂ ತಪ್ಪು, ನಿಂತರೂ ತಪ್ಪು. "ಸಾಬರ ಬೀದೀಲಿ ಬೆಳೆದೋಳಿಗೆ ಮಡಿ ಏನ್ ಗೊತ್ತು ಬಿಡ್ರೀ" ಎಂದು ಬಂದವರೆದುರು ನಗುತ್ತಿದ್ದರು. ನಾನು ಅವರನ್ನು ದ್ವೇಷಿಸುತ್ತಿದ್ದೆ. ಅದಕ್ಕೆ ಬೇರೆ ಮೃದುವಾದ ಪದ ಹುಡುಕಲು ಹೋಗುವುದಿಲ್ಲ.

ಆ ಮನೆಯಲ್ಲಿ ನನಗೆ ಬೈಗುಳ ಬೀಳದಿದ್ದುದು ಒಂದೇ ಒಂದು ತಿನಿಸಿಗೆ. ಏಕಾದಶಿಯ ಮಧ್ಯಾಹ್ನ ಭಜನೆಗೆ ಹತ್ತು ಹನ್ನೆರಡು ಹೆಂಗಸರು ಸೇರುತ್ತಿದ್ದರು. ಅನ್ನ ತಿನ್ನುವಂತಿಲ್ಲ, ನಿರಾಹಾರ ಇರಲು ಮೈಯಲ್ಲಿ ಬಲವಿಲ್ಲ. ಅವರಿಗೆ ನಾನು ಹಾಲು, ಸಕ್ಕರೆ, ಏಲಕ್ಕಿ ಹಾಕಿ ಚೈನಾಗ್ರಾಸ್ ಮಾಡಿ, ತಟ್ಟೆಗೆ ಸುರಿದು, ಆರಿದ ಮೇಲೆ ಬರ್ಫಿಯಂತೆ ಕತ್ತರಿಸಿ ಕೊಡುತ್ತಿದ್ದೆ. "ಅದು ಧಾನ್ಯ ಅಲ್ಲ, ಸಮುದ್ರದ ಪಾಚಿ. ದೋಷ ಇಲ್ಲ" ಎಂದು ಅತ್ತೆಯೇ ಶಾಸ್ತ್ರ ಹೇಳಿದ್ದರು. ಅದನ್ನು ತಿನ್ನುವಾಗ ಮಾತ್ರ, ಯಾರಾದರೂ ಹೊಗಳಿದರೆ, "ನಮ್ಮ ಸೊಸೆ ಮಾಡಿದ್ದು" ಎನ್ನುತ್ತಿದ್ದರು. ಆ ಎರಡು ಪದಕ್ಕಾಗಿ — ನಮ್ಮ ಸೊಸೆ — ನಾನು ಹದಿನೈದು ದಿನ ಕಾಯುತ್ತಿದ್ದೆ.

ಆಮೇಲೆ ಜಪಾನು ಯುದ್ಧಕ್ಕಿಳಿಯಿತು. ಚೈನಾಗ್ರಾಸ್ ಬರುತ್ತಿದ್ದುದು ಅಲ್ಲಿಂದಲೇ ಅಂತೆ. ಕೆಲವು ತಿಂಗಳಲ್ಲಿ ಯಾವ ಅಂಗಡಿಯಲ್ಲೂ ಒಂದೆಳೆ ಸಿಗದಂತಾಯಿತು. ತವರಿಗೆ ಹೋದಾಗ ನಿಮ್ಮ ಅಂಗಡಿಗೆ ಬಂದೆ. ನಮ್ಮಪ್ಪನ ಕಾಲದಿಂದ ನಮ್ಮ ಮನೆಯ ದ್ರಾಕ್ಷಿ, ಗೋಡಂಬಿ, ಕೇಸರಿ, ಪಚ್ಚಕರ್ಪೂರ ಎಲ್ಲ ನಿಮ್ಮಲ್ಲಿಂದಲೇ. ನನ್ನ ಮದುವೆಯ ಕಲ್ಲುಸಕ್ಕರೆಯನ್ನೂ ನೀವೇ ತೂಗಿದ್ದಿರಿ. ನಿಮ್ಮ ಹಿಂದಿನ ಕಪಾಟಿನಲ್ಲಿ ಗಾಜಿನಂತೆ ತೆಳ್ಳಗಿನ ಹಾಳೆಗಳ ಕಟ್ಟೊಂದು ಕಂಡಿತು. ಅದೇನು ಎಂದು ಕೇಳಿದೆ.

"ನಕ್ಕೋ ಅಮ್ಮಾ, ಬೇಡ" ಎಂದಿರಿ. "ಅದು ಬಂಗ್ಲೆ ಬಟ್ಲರ್‌ಗಳು ತಗೊಂಡ್ಹೋಗೋದು, ಜೆಲ್ಲಿ ಮಾಡಕ್ಕೆ. ಹಡ್ಡಿ ಬೇಯ್ಸಿ ಮಾಡಿದ್ದು — ಮೂಳೆ. ಯಾವ ಜಾನ್ವರ್ದು ಅಂತ ನಮ್ಗೂ ಗೊತ್ತಿಲ್ಲ. ನಮ್ ಮನೇಲೂ ಮುಟ್ಟಲ್ಲ."

"ನಮಗಲ್ಲ ಸಾಬ್ರೇ, ಪಕ್ಕದ್ಮನೆ ದೊರೆಸಾನಿ ಕೇಳಿದ್ರು" ಎಂದೆ.

ನಮ್ಮ ಪಕ್ಕದ ಮನೆಯಲ್ಲಿ ಯಾವ ದೊರೆಸಾನಿಯೂ ಇರಲಿಲ್ಲ. ನೀವು ನಂಬಿದಿರಿ. ನಂಬಿ, ಅದನ್ನು ಬೇರೆ ಕಾಗದದಲ್ಲಿ ಸುತ್ತಿ, ನನ್ನ ದ್ರಾಕ್ಷಿಯ ಪೊಟ್ಟಣಕ್ಕೆ ತಾಗದ ಹಾಗೆ ಚೀಲದ ಇನ್ನೊಂದು ಮೂಲೆಯಲ್ಲಿಟ್ಟಿರಿ. ಮುಂದಿನ ತಿಂಗಳು ಮತ್ತೆ ಹೋದಾಗಲೂ "ನಿಮ್ ಅಡಿಗೆ ಮನೆ ಒಳಗ್ ಇಡ್ಬೇಡಿ ಅಮ್ಮಾ" ಎಂದಿರಿ. ನನ್ನ ಮಡಿಯನ್ನು ನನಗಿಂತ ನೀವೇ ಹೆಚ್ಚು ಕಾಪಾಡಿದಿರಿ.

ಮಡಿ ಸೀರೆ ಉಟ್ಟು, ದೇವರಿಗೆ ದೀಪ ಹಚ್ಚಿ, ಆ ಮೂಳೆಯನ್ನು ಹಾಲಿನಲ್ಲಿ ಕಲಕಿದೆ. ಕಾರ್ತಿಕದ ಚಳಿ, ತಟ್ಟೆಯನ್ನು ಬಚ್ಚಲ ಪಕ್ಕದ ಒದ್ದೆ ಮರಳಿನ ಮೇಲಿಟ್ಟೆ, ಚೆನ್ನಾಗಿ ಗಟ್ಟಿಯಾಯಿತು. ಹೆಂಗಸರು ಚಪ್ಪರಿಸಿದರು. "ಈ ಸಲ ಇನ್ನೂ ಮೆತ್ತಗಿದೆ" ಎಂದರು. ಅತ್ತೆ ಎರಡು ತುಂಡು ತಿಂದರು. ಬಾಗಿಲ ಮರೆಯಲ್ಲಿ ನಿಂತು ನಾನು — ಮುಚ್ಚಿಟ್ಟು ಏನು ಫಲ — ಒಳಗೊಳಗೇ ನಕ್ಕೆ. ತಿನ್ನಿ, ಸಾಬರ ಬೀದಿಯವಳು ಕೊಟ್ಟದ್ದನ್ನು ತಿನ್ನಿ ಎಂದು ನಕ್ಕೆ. ಹೊಗಳಿಕೆಯ ಆಸೆಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಆ ನಗು ಮಾತ್ರ ಹೊಗಳಿಕೆಯ ಆಸೆಯಲ್ಲ.

ನಾನು ಒಂದು ಚೂರನ್ನೂ ಬಾಯಿಗೆ ಹಾಕಲಿಲ್ಲ. ಹೊಟ್ಟೆನೋವು ಎಂದೆ. ನೋಡಿ ನನ್ನ ಆಚಾರ!

ಚಳಿ ಮುಗಿಯಿತು. ಯುಗಾದಿ ಕಳೆದ ಮೊದಲ ಏಕಾದಶಿ. ಆ ದಿನ ಸೆಕೆ, ಒದ್ದೆ ಮರಳೂ ಬಿಸಿಯಾಗಿತ್ತು. ಹೇಗೋ ಗಟ್ಟಿಯಾದಂತೆ ಕಂಡ ತುಂಡುಗಳನ್ನು ಬಡಿಸಿದೆ. ಭಜನೆಯ ಕೊನೆಯ ಹಾಡು ಮುಗಿಯುವಷ್ಟರಲ್ಲಿ ಎಲ್ಲರ ತಟ್ಟೆಯಲ್ಲೂ ಬರೀ ನೀರು ಹಾಲು. ರಂಗಮ್ಮ ಎನ್ನುವವರಿದ್ದರು, ಅವರ ಗಂಡ ಮಿಲಿಟರಿ ಮೆಸ್ಸಿನ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಬೆರಳು ಅದ್ದಿ ನೋಡಿದರು.

"ಚೈನಾಗ್ರಾಸ್ ಬಿಸ್ಲಲ್ಲಿಟ್ರೂ ಕರಗಲ್ಲ ಕಣ್ರೀ. ಕರಗೋದು ದೊರೆಗಳ ಜೆಲ್ಲಿ. ಅದನ್ನ ದನದ ಮೂಳೇಲಿ ಮಾಡ್ತಾರೆ."

ಯಾರೋ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡರು. ಅತ್ತೆ ನನ್ನತ್ತ ತಿರುಗಿದರು. ಆ ಮುಖದಲ್ಲಿ ಮೊದಲ ಬಾರಿ ಕೋಪವಿರಲಿಲ್ಲ, ಭಯವಿತ್ತು. "ಎಲ್ಲಿಂದ ತಂದೆ?"

"ಗಫೂರ್ ಸಾಬ್ರ ಅಂಗ್ಡಿ. ಚೈನಾಗ್ರಾಸ್ ಅಂತಾನೇ ಕೊಟ್ರು."

ಇಷ್ಟೇ. ಬಾಯಿಂದ ಬಿದ್ದದ್ದು ಇಷ್ಟೇ ಮಾತು.

ಮರುದಿನ ಬೆಳಿಗ್ಗೆ ಯಜಮಾನರೂ ಬೀದಿಯ ಏಳೆಂಟು ಗಂಡಸರೂ ನನ್ನನ್ನು ಜಟಕಾದಲ್ಲಿ ಕೂರಿಸಿಕೊಂಡು ನಿಮ್ಮಲ್ಲಿಗೆ ಬಂದರು. ನೀವು ಗದ್ದಲಕ್ಕೆ ಹೆದರಲಿಲ್ಲ. "ಅಮ್ಮಾ, ನೀವೇ ಹೇಳಿ. ನಾನ್ ಹೇಳಿದ್ನೋ ಇಲ್ವೋ?" ಎಂದು ನೇರ ನನ್ನನ್ನೇ ಕೇಳಿದಿರಿ. ಎರಡನೆಯ ಅವಕಾಶ ಅದು. ಹೂಂ ಎಂದಿದ್ದರೆ ಸಾಕಾಗಿತ್ತು — ಒಂದಕ್ಷರ.

"ಇಲ್ಲ" ಎಂದೆ.

"ಸುಳ್ಳು ಹೇಳ್ತಾ ಇದಾರೆ" ಎಂದಿರಿ. ಯಜಮಾನರು ನಿಮ್ಮ ಕೆನ್ನೆಗೆ ಹೊಡೆದರು. ಯಾರೋ ಕೇಸರಿಯ ಡಬ್ಬಿಗಳನ್ನು ಬೀದಿಗೆಸೆದರು. ನೀವು ಹೊಡೆದವರನ್ನು ನೋಡಲಿಲ್ಲ, ನನ್ನನ್ನು ನೋಡಿದಿರಿ. ನಾನು ಚಪ್ಪಲಿ ನೋಡುತ್ತ ನಿಂತಿದ್ದೆ.

ಪುರೋಹಿತರು ಬಂದು ಪಂಚಗವ್ಯ ಕೊಟ್ಟರು. ಒಂದೇ ಬೆಳಗಿನಲ್ಲಿ ಎಲ್ಲರೂ ಶುದ್ಧರಾದರು, ನಾನೂ. ಮೋಸಹೋದ ಹುಡುಗಿ ಎಂದು ಅತ್ತೆ ನನ್ನ ತಲೆ ಸವರಿದರು. ಸಾಯುವವರೆಗೂ ಮತ್ತೆ ಒಂದು ಕೆಟ್ಟ ಮಾತಾಡಲಿಲ್ಲ. ನಿಮ್ಮ ಮರ್ಯಾದೆ ಕಳೆದು ನಾನು ಆ ಮನೆಯ ಮಗಳಾದೆ. ನಿಮಗೆ ಮಾತ್ರ ಯಾವ ಪ್ರಾಯಶ್ಚಿತ್ತವೂ ಇರಲಿಲ್ಲ. ಹಲಸೂರಿನ ಮದುವೆಗಳ ಸಾಮಾನು ನಿಮ್ಮಲ್ಲಿ ಕೊಳ್ಳುವುದು ನಿಂತಿತು. ಮುಂದಿನ ಯುಗಾದಿಗೆ ನಿಮ್ಮ ಅಂಗಡಿಯಲ್ಲಿ ಬೇರೆ ಯಾರೋ ಪಾತ್ರೆ ಮಾರುತ್ತಿದ್ದರು. ಎಲ್ಲಿ ಹೋದಿರಿ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ... ಧೈರ್ಯವಲ್ಲ, ಮನಸ್ಸೇ ಇರಲಿಲ್ಲ. ನಿಮ್ಮ ಹೆಸರು ಕಿವಿಗೆ ಬಿದ್ದರೆ ನಿಮ್ಮ ಮೇಲೆಯೇ ಸಿಟ್ಟು ಬರುತ್ತಿತ್ತು.

ಸುಳ್ಳು ಅಲ್ಲಿಗೇ ಸತ್ತಿದ್ದರೆ ನಾನೂ ಅದರ ಜೊತೆ ಸುಮ್ಮನೆ ಸಾಯುತ್ತಿದ್ದೆನೇನೋ. ಅದು ಸಾಯಲಿಲ್ಲ. ನಮ್ಮ ಬೀದಿಯ ಮನೆಗಳಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ಕತೆಯಾಯಿತು. ಮೊನ್ನೆ ನನ್ನ ಮೊಮ್ಮಗಳನ್ನು ಫ್ರೇಜರ್ ಟೌನಿನ ಸಹಪಾಠಿಯೊಬ್ಬಳು ರಂಜಾನ್ ಹಬ್ಬಕ್ಕೆ ಮನೆಗೆ ಕರೆದಿದ್ದಳು. ಇವಳು ಹೋಗಿ, ಇಟ್ಟ ಪಾಯಸ ಮುಟ್ಟದೆ ಎದ್ದು ಬಂದಿದ್ದಾಳೆ.

"ಅವ್ರು ಹಾಲು ಶಾವಿಗೆ ಅಷ್ಟೇ ಅಂದ್ರು, ಅಜ್ಜಿ. ಆದ್ರೂ ಹೆಂಗ್ ನಂಬೋದು? ನಿಂಗೂ ಅವ್ರು ಹೇಳ್ದೇನೇ ಕೊಟ್ಬಿಟ್ರಲ್ಲ?"

ನಾನು ಅವಳ ಕೈ ಹಿಡಿದು ಕೂರಿಸಿದೆ. ಅವಳ ಕಣ್ಣಲ್ಲಿ ನನ್ನ ಮೇಲೆ ಎಷ್ಟು ಪ್ರೀತಿಯಿತ್ತು! ಇನ್ನು ಅದು ಇರುವುದಿಲ್ಲ ಎಂದು ಗೊತ್ತಿತ್ತು.

"ಹೇಳಿದ್ರು ಕಣೆ" ಎಂದೆ. "ಎರಡು ಸಲ ಹೇಳಿದ್ರು."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.