ಮೊಳೆಗೆ ಹಾಕಿದ್ದ ಪಟ್ಟಾ

ಆಗ ಭಾಲ್ಕಿಯ ನಮ್ಮ ಮನೆಯಲ್ಲಿ ಎಲ್ಲಕ್ಕೂ ಒಂದು ಹೊತ್ತು ಗೊತ್ತಾಗಿತ್ತು. ಅಪ್ಪ ಮಿಷನ್ ಸಾಲೆಯ ಮಾಸ್ತರರು, ಅವ್ವ ದವಾಖಾನೆಯ ನರ್ಸು. ಐದಕ್ಕೆ ಏಳುವುದು, ಐದೂವರೆಗೆ ಪ್ರಾರ್ಥನೆ, ಹನ್ನೆರಡಕ್ಕೆ ರೊಟ್ಟಿ, ಬೇಸಿಗೆಯಲ್ಲಿ ಒಂದರಿಂದ ಮೂರರವರೆಗೆ ನಿದ್ದೆ. ಕೆಲಸ ಮುಗಿದ ಮೇಲೆ ಸಾಮಾನು ಅದರ ಜಾಗಕ್ಕೆ ಹೋಗಲೇಬೇಕು. ಆ ಶಿಸ್ತಿನಲ್ಲೇ ಬೆಳೆದವಳು ನಾನು. ಅದಕ್ಕೇ ಇರಬೇಕು, ನನ್ನ ಹತ್ತನೆಯ ವರ್ಷದ ಒಂದು ಮಧ್ಯಾಹ್ನ ನನಗೆ ಇಂದಿಗೂ ಬಗೆಹರಿದಿಲ್ಲ.

ಆ ಬೇಸಿಗೆ ಅಪ್ಪನ ತಂಗಿ ಶಾಂತತ್ತೆ ಹೆರಿಗೆಗೆ ಔರಾದದಿಂದ ಬಂದಿದ್ದಳು. ಮೊದಲಿನ ಎರಡು ಕೂಸುಗಳು ಉಳಿದಿರಲಿಲ್ಲ. ಎರಡು ಸಲವೂ ನಮ್ಮ ಅಜ್ಜ, ಮುತ್ಯಾ, ಹೆರಿಗೆಗೆ ಮೊದಲೇ ತೊಟ್ಟಿಲು ಮಾಡಿಟ್ಟಿದ್ದ. ಎರಡನೆಯದನ್ನು ತಾನೇ ಒಡೆದು ಒಲೆಗೆ ಹಾಕಿ, ಆ ಮಳೆಗಾಲದಲ್ಲೇ ತೀರಿಕೊಂಡ. ಇನ್ನು ಕೂಸು ಅತ್ತ ಮೇಲೆಯೇ ತೊಟ್ಟಿಲಿನ ಮಾತು ಎಂದು ನಮ್ಮ ಅಜ್ಜಿ, ಆಯಿ, ಹೇಳಿಬಿಟ್ಟಿದ್ದಳು.

ಅಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ. "ಕೂಸು ಬಂದ ಮ್ಯಾಲ ಮಾಡ್ಲಾಕ ಕುಂತ್ರ, ಅದು ಎಲ್ಲಿ ಮಲಗಬೇಕು?" ಎಂದು ನನ್ನೊಬ್ಬಳಿಗೆ ಹೇಳಿ, ಹಿತ್ತಲ ಖೋಲಿಯ ಬೀಗ ತೆಗೆದರು. ಒಳಗೆ ಮುತ್ಯಾ ತಾನೇ ಮಾಡಿಕೊಂಡಿದ್ದ ಖರಾದ ಇತ್ತು. ಕಟ್ಟಿಗೆಯನ್ನು ಗರಗರ ತಿರುಗಿಸಿ ಉಳಿಯಿಂದ ಗುಂಡಗೆ ಕಡೆಯುವ ಯಂತ್ರ. ಹಿಂದೆ ಅದರ ಗಾಲಿಯನ್ನು ಒಬ್ಬ ಆಳು ಕೈಯಿಂದ ತಿರುಗಿಸುತ್ತಿದ್ದ. ಅಪ್ಪ ಭಾತಂಬ್ರಾದ ಗೆಳೆಯರೊಬ್ಬರಿಂದ ಮೇವು ಕತ್ತರಿಸುವ ಯಂತ್ರದ ಹಳೆಯ ಮೋಟರು ತಂದರು. ಕೇಳಿದವರಿಗೆ ಹಾಸ್ಟೆಲಿಗೆ ಲಟ್ಟಣಿಗೆ ಮಾಡುತ್ತಿದ್ದೇವೆ ಎನ್ನಬೇಕೆಂದು ನನಗೆ ಅಪ್ಪಣೆಯಾಯಿತು.

"ರೊಟ್ಟಿ ಬಡಿಯೂ ಊರಾಗ ಇಷ್ಟ ಲಟ್ಟಣಿಗಿ ಯಾಕ ಬೇಕಣ್ಣಾ?" ಎಂದು ಅತ್ತೆ ನಕ್ಕಳು.

ಮೋಟರು ಉಲ್ಟಾ ತಿರುಗಿತು. ಕಟ್ಟಿಗೆ ಮೇಲಿನಿಂದ ಉಳಿಯತ್ತ ಇಳಿದು ಬರಬೇಕು. ಅದು ಕೆಳಗಿನಿಂದ ಎದ್ದು ಉಳಿಯನ್ನೇ ಮೇಲಕ್ಕೆಸೆಯಿತು. ಮೋಟರು ಬಿಚ್ಚಿ ತಂತಿ ಬದಲಿಸಲು ಅಪ್ಪನಿಗೆ ಧೈರ್ಯವಿಲ್ಲ. ಒಂದು ದಿನ ಯೋಚಿಸಿ, ಮೋಟರಿನ ಗಾಲಿಗೂ ಖರಾದದ ಗಾಲಿಗೂ ಸೇರಿಸಿ ಸುತ್ತುವ ಪಟ್ಟಾವನ್ನು ನಡುವೆ ಅಡ್ಡ ತಿರುವಿ, ಇಂಗ್ಲಿಷಿನ ಎಂಟರ ಹಾಗೆ ಹಾಕಿದರು. ಖರಾದ ಸರಿ ದಿಕ್ಕಿಗೆ ತಿರುಗಿತು. ಆದರೆ ಹಾಗೆ ತಿರುವಲು ಪಟ್ಟಾ ಉದ್ದ ಬೇಕು. ಮೋಟರು ದೂರ ಸರಿದು ಕಿಟಕಿಯ ಬಳಿ ಹೋಯಿತು. ಸೈಕಲ್ ಟ್ಯೂಬು ಜೋಡಿಸಿದರೆ ಹಿಗ್ಗಿ ಜಾರಿತು. ಕೊನೆಗೆ ಮುತ್ಯಾ ಬಂಡಿಗೆ ಕಟ್ಟಿಗೆ ಬಿಗಿಯುತ್ತಿದ್ದ ಚರ್ಮದ ಬಾರಿಗೆ ಔಡಲೆಣ್ಣೆ ಸವರಿ ಮೆತ್ತಗೆ ಮಾಡಿ, ತುದಿಗಳನ್ನು ತಾಮ್ರದ ತಂತಿಯಿಂದ ಹೊಲಿದರು.

ಹೊಸ ಪಟ್ಟಾ ಅಡ್ಡ ಹಾಯುವಲ್ಲಿ ತನಗೆ ತಾನೇ ಉಜ್ಜಿಕೊಂಡು ಸರ್ ಎನ್ನುತ್ತಿತ್ತು. ಹೊಲಿಗೆ ಗಾಲಿಯ ಮೇಲೆ ಬಂದಾಗ ಟಕ್. ಸರ್, ಟಕ್. ಸರ್, ಟಕ್. ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ಮುತ್ಯಾನ ಒಂದು ಕಾಲು ಸೋತಿತ್ತು. ಅದನ್ನು ಎಳೆದು, ಕೋಲು ಊರಿ, ಅಂಗಳದಲ್ಲಿ ಹೀಗೆಯೇ ನಡೆಯುತ್ತಿದ್ದ.

"ಚರ್ಮದ ಸಪ್ಪಳ ಅದು," ಎಂದರು ಅಪ್ಪ. ನಾನೇನೂ ಕೇಳಿರಲಿಲ್ಲ.

ಬುಧವಾರ ಆಯಿ ಹೆಂಗಸರ ಪ್ರಾರ್ಥನಾ ಕೂಟಕ್ಕೆ ಹೋದಾಗ ಮಾತ್ರ ನಮ್ಮ ಕೆಲಸ. ನಿಲ್ಲಿಸಿದ ಕೂಡಲೇ ಸ್ವಿಚ್ಚು ಆರಿಸುವುದು ಅಪ್ಪನ ಪಾಲು. ಪಟ್ಟಾ ಇಳಿಸಿ ಮೊಳೆಗೆ ಹಾಕುವುದು ನನ್ನ ಪಾಲು. ತೊಟ್ಟಿಲಿನ ಮೂರು ಕಾಲು ಮುಗಿದು, ನಾಲ್ಕನೆಯದು ಅರ್ಧವಾದಾಗ ಕರೆಂಟು ಹೋಯಿತು. ಅಪ್ಪ ಸ್ವಿಚ್ಚು ಆರಿಸಿದರು. ನಾನು ಪಟ್ಟಾ ಮೊಳೆಗೆ ಹಾಕಿ, ಕೈಗೆ ಹತ್ತಿದ ಎಣ್ಣೆಯನ್ನು ಬೂದಿ ಹಚ್ಚಿ ತೊಳೆದೆ. ರೊಟ್ಟಿ ತಿಂದು ಮಲಗಿದೆವು.

ಎರಡೂವರೆಗೆ ಆಯಿ ಬಂದಳು. ಅವಳು ಹೊಸ್ತಿಲು ದಾಟಿದ ಗಳಿಗೆಯಲ್ಲೇ ಪಡಸಾಲೆಯ ಬಲ್ಬು ಹತ್ತಿತು. ಹಿತ್ತಲಿನಿಂದ ಸದ್ದು ಬಂತು. ಮೊದಲು ನಿಧಾನ. ಸರ್... ಟಕ್. ಆಮೇಲೆ ಚುರುಕಾಗಿ.

ಆಯಿಯ ಕೈಯಿಂದ ಬೈಬಲ್ಲಿನ ಚೀಲ ಜಾರಿತು. "ಅವ್ರು ಬಂದಾರ," ಎಂದಳು, ಬಂದವರಿಗೆ ನೀರು ಕೊಡಿ ಎನ್ನುವಷ್ಟು ಮೆಲ್ಲಗೆ.

ಮೊದಲು ಓಡಿದವಳು ನಾನು. ಖೋಲಿಯಲ್ಲಿ ಯಾರೂ ಇರಲಿಲ್ಲ. ಮೊಳೆ ಬರಿದಾಗಿತ್ತು. ಪಟ್ಟಾ ಗಾಲಿಗಳ ಮೇಲಿತ್ತು, ಅಡ್ಡ ತಿರುವು ಸಮೇತ. ಅರ್ಧ ಕಡೆದ ಕಾಲು ಎಷ್ಟು ಜೋರಾಗಿ ತಿರುಗುತ್ತಿತ್ತೆಂದರೆ, ನಿಂತೇ ಇದ್ದ ಹಾಗೆ ಕಾಣುತ್ತಿತ್ತು. ಸ್ವಿಚ್ಚು ಚಾಲೂ ಇತ್ತು. ಆರಿಸಿದೆ.

"ಪಟ್ಟಾ ಯಾಕ ಇಳಿಸಿಲ್ಲ?" ಹಿಂದೆ ಬಂದ ಅಪ್ಪ ಕೇಳಿದರು.

"ಇಳಿಸೀನ್ರಿ. ಸ್ವಿಚ್ಚು ನೀವು..."

"ನಾ ಆರ್ಸೀನಿ."

ಲಟ್ಟಣಿಗೆಯ ಮಾತೊಂದು ಬಿಟ್ಟರೆ, ನಾವಿಬ್ಬರೂ ಸುಳ್ಳು ಹೇಳುವವರಲ್ಲ.

ಅಷ್ಟರಲ್ಲಿ ಆಯಿ ಮುಗಿದ ಮೂರು ಕಾಲುಗಳನ್ನು ನೋಡಿದಳು. ಅವನ್ನು ಎದೆಗವಚಿಕೊಂಡು ಒಲೆಯ ಕಡೆ ನಡೆದಳು. "ಎರಡು ಹೋಗ್ಯಾವ. ಮೂರನೇದಕ್ಕೂ ಹಾದಿ ಮಾಡಿದ್ಯಾ ನೀ?" ಎಂದು ಅಪ್ಪನಿಗೆ ಅಂದಳು.

ಬಾಗಿಲಿಗೆ ಅಡ್ಡ ಶಾಂತತ್ತೆ ನಿಂತಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. "ಸುಡಬ್ಯಾಡವ್ವಾ. ಎರಡು ಸಲ ಮಾಡಿ, ಅದನ್ನೇ ಮನಸಿಗಿ ಹಚ್ಕೊಂಡು ಹೋದ ಅಪ್ಪ. ಈಗ ಮುಗಿಸ್ಲಾಕ ಬಂದಾನ. ಮುಗಿಸ್ಲಿ."

ಆಯಿ ಆ ಮೂರು ಕಾಲುಗಳನ್ನು ಅಪ್ಪನ ಮುಂದೆ ಇಟ್ಟಳು. ಆಮೇಲೆ ಮರದ ಹೊಟ್ಟಿನ ಮೇಲೆಯೇ ಕುಳಿತು, ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಹಚ್ಚು," ಎಂದಳು.

ಅಪ್ಪ ಸ್ವಿಚ್ಚು ಹಾಕಿ ಉಳಿ ಹಿಡಿದರು. ಗಡಿಯಾರ ಮೂರು ಹೊಡೆಯಿತು, ನಾಲ್ಕು ಹೊಡೆಯಿತು. ಆ ಮನೆಯಲ್ಲಿ ಮೊದಲ ಸಲ ಯಾರೂ ಅದಕ್ಕೆ ಎದ್ದು ಹೋಗಲಿಲ್ಲ. ಮುತ್ಯಾ ನಮ್ಮ ನಡುವೆ ನಡೆಯುತ್ತಲೇ ಇದ್ದ. ಕಾಲು ಮುಗಿದು ಸ್ವಿಚ್ಚು ಆರಿಸಿದ ಮೇಲೂ ಎರಡು ಹೆಜ್ಜೆ ಇಟ್ಟು, ನಿಂತ.

ಹತ್ತನೆಯ ದಿನ ಕೂಸು ಹುಟ್ಟಿತು. ಅದು ಅಳುವವರೆಗೆ ಆಯಿ ತೊಟ್ಟಿಲನ್ನು ಮನೆಯೊಳಗೆ ತರಗೊಡಲಿಲ್ಲ. ಕೂಸು ಅತ್ತಿತು. ಉಳಿಯಿತು.

ಎಷ್ಟೋ ವರ್ಷಗಳ ಮೇಲೆ, ಬೀದರಿನ ದವಾಖಾನೆಯಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದ ಅತ್ತೆ ನನ್ನ ಕೈ ಹಿಡಿದಳು. "ಆವತ್ತು ಪಟ್ಟಾ ಹಾಕ್ದಾಕಿ ನಾನೇ ಬೇ. ನೀವೆಲ್ಲ ಮಲಗಿದ್ರಿ. ನನ್ನ ಕೂಸಿನ ತೊಟ್ಟಿಲ ಅಂತ ನನಗ ಗೊತ್ತಿರ್ಲಿಲ್ಲೇನು? ಕೈಲೆ ಒಂದೀಟು ತಿರುಗಿಸಿ ನೋಡ್ದೆ."

"ಮತ್ತ ಸ್ವಿಚ್ಚು?"

"ಅದಕ್ಕ ಕೈ ಹಚ್ಚಿಲ್ಲ. ಕರೆಂಟಂದ್ರ ನನಗ ಅಂಜಿಕಿ, ನಿನಗ ಗೊತ್ತದ."

ಗೊತ್ತಿತ್ತು. ಬಲ್ಬು ಹಚ್ಚಲೂ ನನ್ನನ್ನೇ ಕರೆಯುತ್ತಿದ್ದಳು.

ಆ ಮನೆ ಈಗ ಇಲ್ಲ. ಖರಾದ ಗುಜರಿಗೆ ಹೋಯಿತು. ಆ ಕೂಸು ಬೀದರಿನ ಬಳಿಯ ಕೊಳಾರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾಗಿದ್ದಾನೆ. ಅವನ ಮೊಮ್ಮಗಳು ಅದೇ ತೊಟ್ಟಿಲಲ್ಲಿ ಮಲಗುತ್ತಾಳೆ. ಅದನ್ನು ತೂಗುವವರಿಗೆ ಮುತ್ಯಾ ಬರೀ ಒಂದು ಹೆಸರು. ಅವನು ಇನ್ನೊಮ್ಮೆ ನಡೆದು ಬಂದರೆ ಯಾರ ಹೆಜ್ಜೆಯೆಂದು ಹೇಳಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಮಧ್ಯಾಹ್ನ ಹೋದ ಕರೆಂಟು ಬಂದಾಗಲೆಲ್ಲ ಕಿವಿಗೊಡುತ್ತೇನೆ. ಫ್ರಿಜ್ಜು ಗುಂಯ್ ಎನ್ನುತ್ತದೆ. ಅಷ್ಟೇ.